ಕಾಲ್ಬೆರಳು ಸಾಕು, ಕೈಬೆರಳಿನ ಕಥೆ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದ ಮೂಲೆಯಲ್ಲಿ ಬರುವ ‘ನಿಮಗಿದು ಗೊತ್ತೇ’ ಚೌಕದಲ್ಲಿ ಕೊನೆಗೂ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರದಿ ಬಂತು. ಐದು ಸಂಗತಿ ಕೊಟ್ಟಿದ್ದೀರಿ. ಅದರಲ್ಲಿ ನಾಲ್ಕು ನಟರಿಗೆ ಬಿದ್ದ ಏಟಿನ ಲೆಕ್ಕ. ವಿಗೊ ಮಾರ್ಟೆನ್ಸನ್ ಹೆಲ್ಮೆಟ್ ಒದ್ದು ಕಾಲಿನ ಎರಡು ಬೆರಳು ಮುರಿದುಕೊಂಡಿದ್ದು, ಒರ್ಲಾಂಡೊ ಬ್ಲೂಮ್ ಕುದುರೆಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದು, ಶಾನ್ ಆಸ್ಟಿನ್ ನೀರಿಗೆ ಓಡುವಾಗ ಕಾಲಿಗೆ ಗಾಜು ಹೊಕ್ಕು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಹೋಗಿದ್ದು, ಇಯಾನ್ ಮೆಕೆಲೆನ್ ಅವರ ತಲೆ ತೊಲೆಗೆ ಬಡಿದಿದ್ದು. ಎಲ್ಲವೂ ನಿಜ. ಐದನೆಯದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ, ಅದನ್ನು ಮುಂದೆ ಹೇಳುತ್ತೇನೆ. ನನ್ನ ಬೇಸರ ಬೇರೆ. ತೆರೆಯ ಹಿಂದಿನ ಕಥೆ ಅಂತ ಹೆಸರಿಟ್ಟು ತೆರೆಯ ಮುಂದೆ ಇರುವವರ ಬಗ್ಗೆಯೇ ಬರೆದರೆ ಹೇಗೆ? ಆ ಕಾಲ್ಬೆರಳಿನ ಮೂಳೆ ಕೂಡಿಕೊಂಡು ಇಪ್ಪತ್ತು ವರ್ಷ ದಾಟಿತು, ಅದರ ಪುಕಾರು ಮಾತ್ರ ಇನ್ನೂ ನಿಂತಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ಮೂರು ಸಿನಿಮಾಗಳನ್ನು ಒಟ್ಟಿಗೇ ಶೂಟ್ ಮಾಡಿದರು. 1999ರ ಅಕ್ಟೋಬರ್‌ನಲ್ಲಿ ಶುರು, 2000ದ ಡಿಸೆಂಬರ್‌ನಲ್ಲಿ ಮುಖ್ಯ ಚಿತ್ರೀಕರಣ ಮುಗಿಯಿತು. 274 ದಿನದ ಶೂಟಿಂಗ್, ನ್ಯೂಜಿಲೆಂಡ್‌ನ ಎರಡೂ ದ್ವೀಪಗಳಲ್ಲಿ, ಒಂದೇ ದಿನ ಹಲವು ತಂಡಗಳು ಬೇರೆ ಬೇರೆ ಕಡೆ. ಬೇರೆ ಬೆಟ್ಟದ ಮೇಲೆ ನಡೆಯುತ್ತಿದ್ದ ಶೂಟಿಂಗನ್ನು ನಿರ್ದೇಶಕ ಪೀಟರ್ ಜಾಕ್ಸನ್ ಉಪಗ್ರಹ ಸಂಪರ್ಕದಲ್ಲಿ ಪರದೆಯ ಮೇಲೆ ನೋಡುತ್ತಾ ಸಲಹೆ ಕೊಡುತ್ತಿದ್ದರಂತೆ. ಇಷ್ಟು ದೊಡ್ಡ ಕೆಲಸದಲ್ಲಿ ನಾಲ್ಕು ಜನರಿಗೆ ಪೆಟ್ಟಾಗಿದ್ದು ಅಂಥ ದೊಡ್ಡ ಸುದ್ದಿಯಾ?

(ಮೂರು ಭಾಗ ಆಗಿದ್ದೂ ಒಂದು ಮಜಾ ಕಥೆಯೇ. ಜಾಕ್ಸನ್ ಎರಡು ಭಾಗದ ಲೆಕ್ಕ ಹಿಡಿದು ತಿರುಗುತ್ತಿದ್ದರು. ಮೊದಲಿದ್ದ ಕಂಪನಿ ಎರಡನ್ನೂ ಸೇರಿಸಿ ಒಂದೇ ಮಾಡಿ ಅಂದಿತ್ತು. ನ್ಯೂ ಲೈನ್ ಕಂಪನಿಯ ಬಾಬ್ ಶೇ ಮಾತ್ರ ಉಲ್ಟಾ ಪ್ರಶ್ನೆ ಕೇಳಿದರು, ಪುಸ್ತಕ ಮೂರಿದೆ, ಸಿನಿಮಾ ಎರಡೇ ಯಾಕೆ ಅಂತ. ಇಂಥ ನಿರ್ಮಾಪಕರು ಎಲ್ಲರಿಗೂ ಸಿಗಲಿ.)

ಈಗ ನನ್ನ ವಿಷಯಕ್ಕೆ ಬರುತ್ತೇನೆ. ವೆಲ್ಲಿಂಗ್ಟನ್ ನಗರದಲ್ಲಿ ಮಿರಾಮಾರ್ ಅನ್ನುವ ಬಡಾವಣೆ ಇದೆ. ರಿಚರ್ಡ್ ಟೇಲರ್ ಅವರ ವೇಟಾ ವರ್ಕ್‌ಶಾಪ್ ಇರುವುದು ಅಲ್ಲಿ. ಕತ್ತಿ, ಗುರಾಣಿ, ಕವಚ, ಓರ್ಕ್ ಅನ್ನುವ ರಾಕ್ಷಸರ ಮುಖ, ಹಾಬಿಟ್ ಅನ್ನುವ ಕುಳ್ಳ ಜನರ ಪಾದ, ಎಲ್ಲ ತಯಾರಾಗಿದ್ದು ಅಲ್ಲೇ. ಯುದ್ಧದ ದೃಶ್ಯಗಳಲ್ಲಿ ಸೈನಿಕರು ತೊಡುವ, ಪುಟ್ಟ ಪುಟ್ಟ ಬಳೆ ಹೆಣೆದು ಮಾಡಿದ ಅಂಗಿ ನೋಡಿದ್ದೀರಲ್ಲ? ಅದನ್ನು ಪೂರ್ತಿ ಉಕ್ಕಿನಲ್ಲೇ ಮಾಡಿದರೆ ನೂರಾರು ಜೂನಿಯರ್ ಆರ್ಟಿಸ್ಟ್‌ಗಳು ಅದನ್ನು ಹೊತ್ತುಕೊಂಡು ಇಡೀ ದಿನ ನಿಲ್ಲಲಾರರು. ಹಾಗಾಗಿ ಬಹುಪಾಲು ಅಂಗಿಗಳಿಗೆ ಪ್ಲಾಸ್ಟಿಕ್ ಪೈಪ್ ತಂದರು. ಅದನ್ನು ಸಣ್ಣ ಸಣ್ಣ ಉಂಗುರಗಳಾಗಿ ಕತ್ತರಿಸಿದರು. ಆಮೇಲೆ ಒಂದೊಂದೇ ಉಂಗುರವನ್ನು ಕೈಯಲ್ಲಿ ಬಿಡಿಸಿ, ಪಕ್ಕದ ಉಂಗುರಗಳ ಒಳಗೆ ತೂರಿಸಿ, ಮತ್ತೆ ಮುಚ್ಚಿದರು. ಮೇಲೆ ಲೋಹದ ಹಾಗೆ ಹೊಳೆಯುವ ಲೇಪ. ಹೀಗೆ ಸೇರಿಸಿದ ಉಂಗುರಗಳು ಸುಮಾರು 1.25 ಕೋಟಿ. ಹೌದು, ಕೋಟಿ. ಈ ಕೆಲಸಕ್ಕೆಂದೇ ಕೂತವರು ವರ್ಷಗಟ್ಟಲೆ ಇದನ್ನೇ ಮಾಡಿದರು. ಕೊನೆಗೆ ಅವರ ಹೆಬ್ಬೆರಳು, ತೋರುಬೆರಳಿನ ಗೆರೆಗಳೇ ಸವೆದು ಹೋದವು.

ಈಗ ಹೇಳಿ. ಒದ್ದು ಮುರಿದ ಎರಡು ಬೆರಳು ಜಾಸ್ತಿನೋ, ಉಂಗುರ ಹೆಣೆದೂ ಹೆಣೆದೂ ಗುರುತೇ ಅಳಿಸಿ ಹೋದ ಈ ಬೆರಳುಗಳು ಜಾಸ್ತಿನೋ?

ಅದೇ ವರ್ಕ್‌ಶಾಪ್‌ನಿಂದ ಇನ್ನೊಂದು. ರಾಜ ಥಿಯೋಡೆನ್ ಪಾತ್ರ ಮಾಡಿದ್ದು ಬರ್ನಾರ್ಡ್ ಹಿಲ್, 2024ರಲ್ಲಿ ತೀರಿಕೊಂಡರು. ಅವರ ಎದೆಕವಚದ ಹೊರಗಡೆ ಕುಸುರಿ ಇರುವುದು ಸಹಜ, ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಒಳಗಡೆಯ ಚರ್ಮದ ಮೇಲೂ ಕುಸುರಿ ಕೆಲಸ ಮಾಡಿದ್ದರು! ಒಳಭಾಗ ಒಂದೇ ಒಂದು ಶಾಟ್‌ನಲ್ಲೂ ಕಾಣುವುದಿಲ್ಲ. ಅದನ್ನು ತೊಡುವ ನಟನಿಗೆ ಮಾತ್ರ ಗೊತ್ತು. ನಾನು ನಿಜವಾದ ರಾಜ ಅನ್ನಿಸಿದ್ದು ಅದನ್ನು ನೋಡಿದಾಗ ಅನ್ನುವ ಅರ್ಥದ ಮಾತನ್ನು ಹಿಲ್ ಅವರೇ ಹೇಳಿಕೊಂಡಿದ್ದಾರೆ. ಸುಮ್ನೆ ದುಡ್ಡು ಹಾಳು ಅಂತ ಕೆಲವರು ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಸೈನ್ಯದ ಮುಂದೆ ಕುದುರೆ ಓಡಿಸಿಕೊಂಡು ಬಂದು ಈಟಿಗಳಿಗೆ ಕತ್ತಿ ತಾಗಿಸುತ್ತಾ ಹೋಗುವ ಆ ದೃಶ್ಯದಲ್ಲಿ ಅವರ ಮುಖವನ್ನು ಇನ್ನೊಮ್ಮೆ ನೋಡಿ.

ಹಾಬಿಟ್‌ಗಳ ಪಾದದ ಬಗ್ಗೆಯೂ ಹೇಳಲೇಬೇಕು. ಶಾನ್ ಆಸ್ಟಿನ್ ಕಾಲಿಗೆ ಗಾಜು ಚುಚ್ಚಿತು ಅಂತಷ್ಟೇ ಬರೆದಿರಿ. ಆ ಗಾಜು ಮೊದಲು ಹಾಬಿಟ್‌ನ ನಕಲಿ ಪಾದವನ್ನು ತೂರಿ, ಆಮೇಲೆ ಅವರ ನಿಜವಾದ ಪಾದಕ್ಕೆ ಇಳಿಯಿತು. ಆ ನಕಲಿ ಪಾದ ಎಲ್ಲಿಂದ ಬಂತು? ರಬ್ಬರಿನಂಥ ಮೆತ್ತನೆಯ ಫೋಮ್‌ನಲ್ಲಿ ಅಚ್ಚು ಹಾಕಿ, ಮೇಲೆ ಕೂದಲು ಕೂರಿಸಿ ಮಾಡಿದ್ದು. ಬೆಳಗಿನ ಜಾವ ನಟರು ನಿಂತುಕೊಂಡೇ ಇರಬೇಕು, ಮೇಕಪ್‌ನವರು ನೆಲದ ಮೇಲೆ ಕೂತು ಅಂಟಿಸಬೇಕು, ಅಂಚು ಕಾಣದ ಹಾಗೆ ಬಣ್ಣ ಹಚ್ಚಬೇಕು. ಗಂಟೆಗೂ ಜಾಸ್ತಿ ಹೊತ್ತಿನ ಕೆಲಸ. ಸಂಜೆ ಬಿಚ್ಚುವಾಗ ಅದು ಹರಿದು ಹೋಗುತ್ತದೆ, ಮತ್ತೆ ಬಳಸಲು ಬರುವುದಿಲ್ಲ. ಮಾರನೇ ದಿನ ಹೊಸ ಜೋಡಿ. ಹೀಗೆ ಮುಖ್ಯ ಹಾಬಿಟ್ ಪಾತ್ರದ ನಾಲ್ವರು ನಟರಿಗೆಂದೇ ಸುಮಾರು 1,800 ಜೋಡಿ ಪಾದ ತಯಾರಾದವು. ಸೊಂಟದ ಮೇಲಿನ ಶಾಟ್ ಇದ್ದ ದಿನವೂ ಹಾಕಿಕೊಳ್ಳಬೇಕಾಗಿ ಬಂದಾಗ ಆ ನಾಲ್ವರು ಎಷ್ಟು ಗೊಣಗಿರಬಹುದು, ನೀವೇ ಊಹಿಸಿ.

ಇನ್ನು ಮೆಕೆಲೆನ್ ತಲೆ. ಬಿಲ್ಬೊ ಅನ್ನುವ ಹಾಬಿಟ್‌ನ ಮನೆಯೊಳಗೆ ಅವರ ಪಾತ್ರ, ಮಾಂತ್ರಿಕ ಗ್ಯಾಂಡಾಲ್ಫ್, ಬಗ್ಗಿ ನಡೆಯುತ್ತಾನೆ, ದೀಪ ತಪ್ಪಿಸಿಕೊಂಡು ತಿರುಗುವಷ್ಟರಲ್ಲಿ ಹಣೆ ತೊಲೆಗೆ ಬಡಿಯುತ್ತದೆ. ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ಆದರೂ ಇಟ್ಟುಕೊಂಡರು. ಸರಿ. ಆದರೆ ಆ ತೊಲೆ ಅಷ್ಟು ಕೆಳಗೆ ಯಾಕಿತ್ತು ಅನ್ನುವುದೇ ನಿಜವಾದ ಕಥೆ ಅಲ್ವಾ? ಆ ಮನೆಯನ್ನು ಎರಡು ಸಲ ಕಟ್ಟಿದ್ದರು. ಒಂದು ದೊಡ್ಡದು, ಹಾಬಿಟ್ ಪಾತ್ರದ ನಟರಿಗೆ ಸರಿಹೊಂದುವ ಅಳತೆಯದು. ಇನ್ನೊಂದು ಅದೇ ಮನೆ, ಆದರೆ ಚಿಕ್ಕದು, ಗ್ಯಾಂಡಾಲ್ಫ್ ಒಳಗೆ ಬಂದಾಗ ದೈತ್ಯನ ಹಾಗೆ ಕಾಣಲಿ ಅಂತ. ಮನೆ ಎರಡು ಅಂದಮೇಲೆ ಒಳಗಿನ ಪ್ರಾಪರ್ಟಿಯೂ ಎರಡೆರಡು. ಬಟ್ಟಲು, ಪುಸ್ತಕ, ಕುರ್ಚಿ, ಬಾಗಿಲ ಹಿಡಿ, ಎಲ್ಲವೂ ದೊಡ್ಡದೊಂದು, ಚಿಕ್ಕದೊಂದು. ಎರಡಕ್ಕೂ ಒಂದೇ ಬಣ್ಣ, ಒಂದೇ ಗೀರು, ಒಂದೇ ಸವೆತ.

ಅದಕ್ಕಿಂತ ನನಗೆ ಇಷ್ಟವಾದದ್ದು ಮೇಜಿನ ದೃಶ್ಯ. ಹಾಬಿಟ್ ಫ್ರೋಡೊ ಮತ್ತು ಗ್ಯಾಂಡಾಲ್ಫ್ ಎದುರು ಬದುರು ಕೂತು ಮಾತಾಡುತ್ತಾರೆ. ಗ್ಯಾಂಡಾಲ್ಫ್ ಕ್ಯಾಮೆರಾಕ್ಕೆ ಹತ್ತಿರ ಇದ್ದಾನೆ, ಫ್ರೋಡೊ ದೂರ ಇದ್ದಾನೆ. ದೂರ ಇರುವವನು ಚಿಕ್ಕದಾಗಿ ಕಾಣುತ್ತಾನೆ, ಇಷ್ಟೇ ಉಪಾಯ. ಇದು ಹಳೇ ವಿದ್ಯೆ, ಹೊಸದೇನಲ್ಲ. ಮೇಜನ್ನು ಎರಡು ತುಂಡು ಮಾಡಿ, ಎರಡನ್ನೂ ಬೇರೆ ಬೇರೆ ಅಳತೆಯಲ್ಲಿ ಮಾಡಿ, ಕ್ಯಾಮೆರಾದಿಂದ ನೋಡಿದಾಗ ಒಂದೇ ಮೇಜು ಅನ್ನಿಸುವ ಹಾಗೆ ಜೋಡಿಸುತ್ತಾರೆ. ನಟರು ಒಬ್ಬರನ್ನೊಬ್ಬರು ನೋಡುತ್ತಲೂ ಇರುವುದಿಲ್ಲ, ಇಬ್ಬರೂ ಖಾಲಿ ಗಾಳಿಯಲ್ಲಿ ಒಂದು ಬಿಂದು ನೋಡಿ ಮಾತಾಡುತ್ತಾರೆ. ತೊಂದರೆ ಏನು ಅಂದರೆ, ಕ್ಯಾಮೆರಾ ಒಂದು ಗೇಣು ಸರಿದರೂ ಗುಟ್ಟು ರಟ್ಟು, ಮೇಜಿನ ಕೀಲು ಕಾಣುತ್ತದೆ. ಅದಕ್ಕೇ ಹಿಂದಿನವರೆಲ್ಲ ಇಂಥ ಶಾಟ್‌ನಲ್ಲಿ ಕ್ಯಾಮೆರಾ ಅಲ್ಲಾಡಿಸುತ್ತಿರಲಿಲ್ಲ. ಇವರು ಅಲ್ಲಾಡಿಸಿದರು. ಕ್ಯಾಮೆರಾ ಸರಿದಂತೆಲ್ಲ ನಟ ಕೂತ ಜಾಗವೂ, ಅವನ ಪಾಲಿನ ಮೇಜಿನ ಸಮೇತ, ಲೆಕ್ಕ ಹಾಕಿದ ಹಾಗೆ ಜಾರುತ್ತಾ ಹೋಗುವಂತೆ ವೇದಿಕೆ ಮಾಡಿದರು. ಮಾತಾಡುತ್ತಿರುವ ನಟ ಕೂತಲ್ಲೇ ತೇಲುತ್ತಿದ್ದಾನೆ, ನಮಗೆ ಗೊತ್ತೇ ಆಗುವುದಿಲ್ಲ. ಇದನ್ನು ತಿಳಿದುಕೊಂಡು ಆ ದೃಶ್ಯ ಮತ್ತೆ ಹಾಕಿ ನೋಡಿದೆ, ಆದರೂ ಸಿಕ್ಕಿಬೀಳಲಿಲ್ಲ.

ದೂರದ ಶಾಟ್‌ಗಳಿಗೆ ಡ್ಯೂಪ್ ಇದ್ದರು. ಏಳು ಅಡಿ ದಾಟಿದ ಪಾಲ್ ರ್‍ಯಾಂಡಲ್ ಒಂದು ಕಡೆ, ನಾಲ್ಕು ಅಡಿ ಚಿಲ್ಲರೆ ಎತ್ತರದ ಕಿರಣ್ ಶಾ ಇನ್ನೊಂದು ಕಡೆ. ಈ ಕಿರಣ್ ಶಾ ನೈರೋಬಿಯಲ್ಲಿ ಹುಟ್ಟಿದ ಭಾರತೀಯ ಮೂಲದವರು, ಅತಿ ಕಡಿಮೆ ಎತ್ತರದ ವೃತ್ತಿಪರ ಸ್ಟಂಟ್ ಕಲಾವಿದ ಅಂತ ಗಿನ್ನೆಸ್ ದಾಖಲೆ ಅವರ ಹೆಸರಿನಲ್ಲಿದೆ. ಮುಖಕ್ಕೆ ಫ್ರೋಡೊನ ಮುಖವಾಡ ಹಾಕಿಕೊಂಡು ಬೆಟ್ಟ ಹತ್ತಿ ಇಳಿದವರಲ್ಲಿ ಅವರೂ ಒಬ್ಬರು. ನಮ್ಮ ಪತ್ರಿಕೆಗಳು ಇವರ ಬಗ್ಗೆ ಒಂದು ಸಾಲೂ ಬರೆದಿದ್ದು ನಾನು ನೋಡಿಲ್ಲ. ಹಾಗೆಯೇ, ಕುಳ್ಳ ಗಿಮ್ಲಿಯ ಪಾತ್ರ ಮಾಡಿದ ಜಾನ್ ರೀಸ್ ಡೇವಿಸ್ ನಿಜದಲ್ಲಿ ಆರು ಅಡಿಗಿಂತ ಎತ್ತರ. ಕಥೆಯಲ್ಲಿ ಒಟ್ಟಿಗೆ ಪ್ರಯಾಣ ಹೊರಡುವ ಒಂಬತ್ತು ಜನರ ಗುಂಪಿನ ನಟರಲ್ಲಿ ಎಲ್ಲರಿಗಿಂತ ಉದ್ದ ಅವರೇ!

ಹಾಬಿಟ್‌ಗಳ ಊರು ಹಾಬಿಟನ್‌ನದೂ ಇದೇ ಥರ. ಮಟಮಟ ಅನ್ನುವ ಪಟ್ಟಣದ ಹತ್ತಿರ ಅಲೆಕ್ಸಾಂಡರ್ ಕುಟುಂಬದ ಕುರಿ ಸಾಕಣೆಯ ಜಮೀನು ಅದು. 1998ರಲ್ಲಿ ವಿಮಾನದಲ್ಲಿ ಹುಡುಕುವಾಗ ಕಣ್ಣಿಗೆ ಬಿತ್ತು. ರಸ್ತೆ ಇರಲಿಲ್ಲ, ನ್ಯೂಜಿಲೆಂಡ್ ಸೈನ್ಯ ಬಂದು ಮಾಡಿಕೊಟ್ಟಿತು. ಶೂಟಿಂಗ್‌ಗೆ ಸುಮಾರು ಒಂದು ವರ್ಷ ಮೊದಲೇ ಅಲ್ಲಿ ಗಿಡ, ಹೂವು, ತರಕಾರಿ ನೆಟ್ಟರು, ಹೊಸದಾಗಿ ತಂದಿಟ್ಟ ಹಾಗೆ ಕಾಣಬಾರದು ಅಂತ. ಬಿಲ್ಬೊ ಮನೆಯ ನೆತ್ತಿಯ ಮೇಲಿನ ಓಕ್ ಮರವನ್ನು ಬೇರೆ ಕಡೆ ಕಡಿದು, ಕೊಂಬೆಗಳಿಗೆ ನಂಬರ್ ಹಾಕಿ, ತಂದು ಮತ್ತೆ ಜೋಡಿಸಿದರು. ಕಡಿದ ಮರದಲ್ಲಿ ಎಲೆ ಎಲ್ಲಿ ನಿಲ್ಲುತ್ತದೆ? ತೈವಾನ್‌ನಿಂದ ನಕಲಿ ಎಲೆ ತರಿಸಿ ಒಂದೊಂದನ್ನೇ ತಂತಿಯಿಂದ ಕಟ್ಟಿದರು. ಹಾಳೆಯ ಮೇಲೆ ಓದಿದರೆ ಒಂದು ಸಾಲು, ಏಣಿಯ ಮೇಲೆ ನಿಂತು ಕಟ್ಟಿದವರ ಕುತ್ತಿಗೆ ಕೇಳಬೇಕು.

ಶಬ್ದದ ವಿಷಯದಲ್ಲಿ ನಮ್ಮ ಓದುಗರಿಗೆ ಇಷ್ಟವಾಗುವಂಥದ್ದು ಒಂದಿದೆ, ಅದನ್ನೇ ಬಿಟ್ಟಿದ್ದೀರಿ. ಕ್ರಿಕೆಟ್! ಎರಡನೇ ಭಾಗದಲ್ಲಿ ಹೆಲ್ಮ್ಸ್ ಡೀಪ್ ಕೋಟೆಯ ಮುಂದೆ ಹತ್ತು ಸಾವಿರ ಉರುಕ್-ಹೈ ಅನ್ನುವ ರಾಕ್ಷಸ ಸೈನಿಕರು ಬಂದು ನಿಲ್ಲುತ್ತಾರಲ್ಲ, ಅವರ ಆ ಗರ್ಜನೆಗೆ ಜನ ಬೇಕಿತ್ತು. ಸ್ಟುಡಿಯೋದಲ್ಲಿ ಇಪ್ಪತ್ತು ಜನ ಕೂಗಿದರೆ ಇಪ್ಪತ್ತು ಜನ ಕೂಗಿದ ಹಾಗೇ ಕೇಳಿಸುತ್ತದೆ. 2002ರ ಫೆಬ್ರುವರಿಯಲ್ಲಿ ವೆಲ್ಲಿಂಗ್ಟನ್‌ನಲ್ಲಿ ನ್ಯೂಜಿಲೆಂಡ್ ಮತ್ತು ಇಂಗ್ಲೆಂಡ್ ಒಂದು ದಿನದ ಪಂದ್ಯ ನಡೆಯುತ್ತಿತ್ತು. ಇನಿಂಗ್ಸ್ ನಡುವಿನ ವಿರಾಮದಲ್ಲಿ ಜಾಕ್ಸನ್ ಮೈಕ್ ಹಿಡಿದು ಮೈದಾನಕ್ಕೆ ಇಳಿದರು. ಸುಮಾರು 25,000 ಪ್ರೇಕ್ಷಕರು. ಕೂಗಬೇಕಾದ ಸಾಲು ಸ್ಟೇಡಿಯಂನ ಪರದೆಯ ಮೇಲೆ ಬಂತು, ಅದೂ ರಾಕ್ಷಸರ ಭಾಷೆಯಲ್ಲಿ. ಜನ ಓದಿಕೊಂಡು ಕೂಗಿದರು, ಕಾಲು ನೆಲಕ್ಕೆ ಕುಟ್ಟಿದರು, ಎದೆ ಬಡಿದುಕೊಂಡರು. ಮ್ಯಾಚ್ ನೋಡಲು ಬಂದವರು ದುಷ್ಟ ಸೈನ್ಯವಾಗಿ ಮನೆಗೆ ಹೋದರು.

ಉಳಿದ ಶಬ್ದಗಳಿಗೆ ಇಷ್ಟು ಜನ ಬೇಕಾಗಲಿಲ್ಲ. ಬೆಂಕಿಯ ದೈತ್ಯ ಬಾಲ್ರಾಗ್‌ನ ಸದ್ದಿಗೆ ಬಳಸಿದ್ದು ಒಂದು ಸಿಮೆಂಟ್ ಬ್ಲಾಕ್, ಮರದ ನೆಲದ ಮೇಲೆ ಎಳೆದದ್ದು. ನಾಜ್ಗುಲ್ ಅನ್ನುವ ಕಪ್ಪು ಸವಾರರ ಮೈ ಜುಮ್ಮೆನಿಸುವ ಕಿರುಚಾಟದ ಹಿಂದೆ ಇರುವುದು ಫ್ರಾನ್ ವಾಲ್ಷ್ ಅವರ ಗಂಟಲು, ಜಾಕ್ಸನ್ ಅವರ ಸಂಗಾತಿ, ಚಿತ್ರಕಥೆ ಬರೆದವರಲ್ಲಿ ಒಬ್ಬರು. ಕಂಪ್ಯೂಟರ್‌ನಲ್ಲಿ ಮೂಡಿಸಿದ ಗೊಲ್ಲಮ್ ಪಾತ್ರದ ಧ್ವನಿಗೆ ನಟ ಆಂಡಿ ಸರ್ಕಿಸ್ ತಮ್ಮ ಬೆಕ್ಕು ಗಂಟಲಿನಲ್ಲಿ ಸಿಕ್ಕ ಕೂದಲುಂಡೆ ಕಕ್ಕುವುದನ್ನು ನೋಡಿ ಕಲಿತರು, ಗಂಟಲು ಕೆಡದಿರಲಿ ಅಂತ ಜೇನು, ನಿಂಬೆ, ಶುಂಠಿ ಬೆರೆಸಿ ಕುಡಿಯುತ್ತಿದ್ದರು. ಇದನ್ನು ಬಹಳ ಕಡೆ ಬರೆಯುತ್ತಾರೆ. ಆದರೆ ಗೊಲ್ಲಮ್‌ನ ಮುಖವನ್ನು ಅನಿಮೇಟರ್‌ಗಳು ಸರ್ಕಿಸ್ ನಟನೆಯನ್ನು ಮುಂದಿಟ್ಟುಕೊಂಡು ಕೈಯಾರೆ ಮೂಡಿಸಿದರು ಅನ್ನುವುದನ್ನು ಮಾತ್ರ ಮರೆತುಬಿಡುತ್ತಾರೆ. ಮೈಯ ಚಲನೆಯನ್ನು ಯಂತ್ರ ಹಿಡಿದುಕೊಳ್ಳುತ್ತಿತ್ತು. ಮುಖದ ಒಂದೊಂದು ಸುಕ್ಕು, ಹುಬ್ಬಿನ ಒಂದೊಂದು ಕುಣಿತ ಇವರ ಕೆಲಸ.

ಈಗ ನಿಮ್ಮ ಐದನೇ ಸಂಗತಿ. ಯುದ್ಧದ ದೃಶ್ಯಕ್ಕೆ ಮಾಡಿದ ಕಂಪ್ಯೂಟರ್ ಸೈನಿಕರು ‘ಹೆದರಿ ಓಡಿಹೋದರು, ತಂತ್ರಜ್ಞರು ಅವರ ಬುದ್ಧಿ ಕಮ್ಮಿ ಮಾಡಬೇಕಾಯಿತು’ ಅಂತ ಬರೆದಿದ್ದೀರಿ. ಓದಲು ಚೆನ್ನಾಗಿದೆ. ಆದರೆ ಅವರು ಹೆದರಲಿಲ್ಲ, ಸ್ವಾಮಿ. ಸ್ಟೀಫನ್ ರೆಜೆಲಸ್ ಎಂಬವರು ಈ ಸಿನಿಮಾಕ್ಕಾಗಿ ‘ಮ್ಯಾಸಿವ್’ ಅನ್ನುವ ಸಾಫ್ಟ್‌ವೇರ್ ಬರೆದರು. ಗುಂಪಿನ ಒಬ್ಬೊಬ್ಬ ಸೈನಿಕನೂ ತನ್ನ ಸುತ್ತ ಏನಿದೆ ಅಂತ ನೋಡಿ, ಯಾರು ಶತ್ರು ಅಂತ ಗುರುತಿಸಿ, ಏನು ಮಾಡಬೇಕು ಅಂತ ತಾನೇ ತೀರ್ಮಾನಿಸುವ ವ್ಯವಸ್ಥೆ ಅದು. ಶುರುವಿನ ಒಂದು ಪರೀಕ್ಷೆಯಲ್ಲಿ ಕೆಲವರ ಕಣ್ಣಿಗೆ ಎದುರಾಳಿಯೇ ಬೀಳಲಿಲ್ಲ, ಹಾಗಾಗಿ ಮುಂದೆ ಮುಂದೆ ಓಡುತ್ತಲೇ ಇದ್ದರು. ಹೆದರು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ನಿಜ ಇಷ್ಟೇ, ಆದರೆ ನನ್ನ ಕೇಳಿದರೆ ಇದೇ ಹೆಚ್ಚು ಸ್ವಾರಸ್ಯ. ಸಾವಿರ ಸೈನಿಕರಿಗೆ ಕಣ್ಣು ಕೊಟ್ಟ ಮನುಷ್ಯ, ಶತ್ರು ಸಿಗದಿದ್ದರೆ ಏನು ಮಾಡಬೇಕು ಅನ್ನುವುದನ್ನು ಇನ್ನೂ ಹೇಳಿಕೊಟ್ಟಿರಲಿಲ್ಲ. ಹೇಡಿ ಸೈನಿಕರ ಕಥೆ ನಗು ತರಿಸುತ್ತದೆ, ಸರಿ, ಆದರೆ ಸುದ್ದಿಮನೆಯವರು ಹಾಕುವ ಮೊದಲು ಒಂದು ಸಲ ತಡಕಿ ನೋಡಬಹುದಿತ್ತು.

ನಟರ ಕಥೆಯೇ ಬೇಕು ಅಂದರೆ ಏಟಿಲ್ಲದ್ದೂ ಇವೆ. ಶಾನ್ ಬೀನ್‌ಗೆ ಹಾರುವುದು ಅಂದರೆ ಭಯ. ಎತ್ತರದ ಬೆಟ್ಟದ ಶೂಟಿಂಗ್‌ಗೆ ಉಳಿದವರೆಲ್ಲ ಹೆಲಿಕಾಪ್ಟರ್‌ನಲ್ಲಿ ಹೋದರೆ ಇವರು ತಮ್ಮ ಪಾತ್ರದ, ಅಂದರೆ ಗೊಂಡೋರ್ ರಾಜ್ಯದ ಸೇನಾಪತಿ ಬೊರೊಮಿರ್‌ನ ವೇಷದಲ್ಲೇ, ಗುರಾಣಿ ಸಮೇತ, ಬೆಟ್ಟ ಹತ್ತಿಕೊಂಡು ಬಂದರು. ಮೇಲಿನಿಂದ ಉಳಿದವರು ಬಗ್ಗಿ ನೋಡಿದರೆ ಕೆಳಗೆ ಗೊಂಡೋರ್‌ನ ಸೇನಾಪತಿ ಒಬ್ಬನೇ ಏದುಸಿರು ಬಿಡುತ್ತಾ ಬರುತ್ತಿದ್ದಾನೆ. ದುಷ್ಟ ಮಾಂತ್ರಿಕ ಸರುಮಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ಮೂಲ ಲೇಖಕ ಟೋಲ್ಕಿನ್‌ರನ್ನು ನೇರವಾಗಿ ಭೇಟಿ ಮಾಡಿದ್ದರು, ಇಡೀ ತಂಡದಲ್ಲಿ ಆ ಭಾಗ್ಯ ಅವರೊಬ್ಬರಿಗೇ. ಮಾರ್ಟೆನ್ಸನ್ ಶೂಟಿಂಗ್ ಮುಗಿದ ಮೇಲೆ ತಾವು ಸವಾರಿ ಮಾಡಿದ ಕುದುರೆಯನ್ನು ಕೊಂಡುಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ, ನಟಿ ಲಿವ್ ಟೈಲರ್‌ಗೆ ಡ್ಯೂಪ್ ಆಗಿ ಸವಾರಿ ಮಾಡಿದ ಹೆಣ್ಣುಮಗಳಿಗೆ ಅವಳ ಕುದುರೆಯನ್ನೂ ಕೊಡಿಸಿದರು. ಬೆರಳಿನ ಬದಲು ಇದನ್ನು ಹಾಕಿದ್ದರೆ ಆ ನಟನ ಬಗ್ಗೆ ಓದುಗರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು.

ಮೂರನೇ ಭಾಗಕ್ಕೆ 2004ರ ಫೆಬ್ರುವರಿ 29ರಂದು ಹನ್ನೊಂದು ಆಸ್ಕರ್ ಬಂತು, ಹನ್ನೊಂದಕ್ಕೆ ಹನ್ನೊಂದೂ. ಇದು ಎಲ್ಲರಿಗೂ ಗೊತ್ತು. ಆದರೆ ಪ್ರಶಸ್ತಿ ತೆಗೆದುಕೊಂಡು ಊರಿಗೆ ಬಂದ ಜಾಕ್ಸನ್ ಮತ್ತೆ ಅದೇ ಸಿನಿಮಾಕ್ಕೆ ಇನ್ನೊಂದು ಶಾಟ್ ತೆಗೆದರು! ಡಿವಿಡಿಗಾಗಿ ಮಾಡುತ್ತಿದ್ದ ಉದ್ದದ ಆವೃತ್ತಿಗೆ, ಸತ್ತವರ ಗುಹೆಯಲ್ಲಿ ತಲೆಬುರುಡೆಗಳು ಉರುಳಿ ಬೀಳುವ ತುಣುಕು ಅದು. ಅತ್ಯುತ್ತಮ ಸಿನಿಮಾ ಅಂತ ಪ್ರಶಸ್ತಿ ಬಂದ ಮೇಲೂ ಅದರ ಶೂಟಿಂಗ್ ನಡೆದಿದ್ದನ್ನು ಬೇರೆಲ್ಲೂ ನಾನು ಕೇಳಿಲ್ಲ.

ನಿಮ್ಮ ಚೌಕಕ್ಕೆ ಜಾಗ ಕಮ್ಮಿ, ಗೊತ್ತಿದೆ. ಐದು ಸಂಗತಿ ಬೇಡ, ವಾರಕ್ಕೆ ಒಂದೇ ಹಾಕಿ, ಆದರೆ ಯಾರು ಮಾಡಿದರು, ಹೇಗೆ ಮಾಡಿದರು ಅನ್ನುವ ತನಕ ಬರೆಯಿರಿ. ಬೇರೆ ಸಿನಿಮಾಗಳ ಬಗ್ಗೆ ಬರೆಯುವಾಗಲೂ ಅಷ್ಟೇ. ಮೊದಲನೆಯದು ಕಿರಣ್ ಶಾ ಬಗ್ಗೆ ಇದ್ದರೆ ಸಂತೋಷ. ಫೋಟೊ ಹಾಕುವುದಾದರೆ ಮುಖವಾಡ ಇಲ್ಲದ್ದನ್ನೇ ಹುಡುಕಿ ಹಾಕಿ.

ಇಂತಿ,
ಸಿನಿಮಾ ಪುಟವನ್ನು ಮೊದಲು ತೆಗೆಯುವ ಒಬ್ಬ ಓದುಗ